ಅಮ್ಮನ ಲಿವಿಂಗ್ ವಿಲ್ ಅನ್ನು ಆನ್‌ಲೈನ್‌ನಲ್ಲಿ ಮಾಡಿಟ್ಟು ಆಮೇಲೆ ತಿದ್ದಬಹುದೇ?

ಧಾರವಾಡದಿಂದ ಬಂದು ಪುಣೆಯಲ್ಲಿ ನಿಮ್ಮೊಂದಿಗಿರುವ 74 ವರ್ಷದ ತಾಯಿಯವರಿಗಾಗಿ ಒಂದು ಜಾಲತಾಣದಲ್ಲಿ ಲಿವಿಂಗ್ ವಿಲ್‌ನ, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರದ ನಮೂನೆ ತುಂಬಿಸಿದ್ದೀರಿ. ಕೊನೆಯಲ್ಲಿ ಅದು ಇ-ಸಹಿ ಕೇಳುತ್ತಿದೆ. ಅಷ್ಟಾದರೆ ಸಾಕೇ, ನಾಳೆ ಅವರ ಮನಸ್ಸು ಬದಲಾದರೆ ಅಲ್ಲಿಯೇ ತಿದ್ದಬಹುದೇ ಎಂಬುದು ನಿಮ್ಮ ಪ್ರಶ್ನೆ. ಅಷ್ಟು ಸಾಲದು. ತಿದ್ದಬಹುದು, ಆದರೆ ನೀವು ಅಂದುಕೊಂಡ ಹಾಗಲ್ಲ. ನಾನು ವಕೀಲನಲ್ಲ, ವೈದ್ಯನೂ ಅಲ್ಲ. ಮುಂಬೈಯ ಮಾಟುಂಗಾದಲ್ಲಿ ನಮ್ಮ ಅವ್ವನ ಪತ್ರವನ್ನು ಒಮ್ಮೆ ಮಾಡಿ, ಕೆಡಿಸಿ, ಮತ್ತೊಮ್ಮೆ ಮಾಡಿದವನು.

ಮೊದಲು ಕಾನೂನು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಇಂಥ ಪತ್ರಕ್ಕೆ ಮಾನ್ಯತೆ ಕೊಟ್ಟಿತು. ಆದರೆ ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು. ಬದುಕಿದ್ದಾಗ ಸಾವಿನ ಕಾಗದ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? 2023ರ ಜನವರಿ 24ರಂದು ಸಂವಿಧಾನ ಪೀಠವೇ ಆ ಷರತ್ತನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿಯಿಂದ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಆಯಿತು. ಸಾಕ್ಷಿಗಳು ಆದಷ್ಟು ಹೊರಗಿನವರಾಗಿರಲಿ ಎಂದು ಕೋರ್ಟ್ ಹೇಳಿದೆ, ಹಾಗಾಗಿ ನೀವೇ ಸಾಕ್ಷಿ ಹಾಕಬೇಡಿ. ನಿಮ್ಮ ಜಾಲತಾಣ ಇನ್ನೂ ಮ್ಯಾಜಿಸ್ಟ್ರೇಟ್ ಎನ್ನುತ್ತಿದ್ದರೆ ಅದರ ನಮೂನೆ ಹಳೆಯದು. ವೈದ್ಯಕೀಯ ಪವರ್ ಆಫ್ ಅಟಾರ್ನಿ, ಅಂದರೆ ಚಿಕಿತ್ಸೆಯ ನಿರ್ಧಾರದ ಅಧಿಕಾರವನ್ನು ಇನ್ನೊಬ್ಬರಿಗೆ ಬರೆದುಕೊಡುವ ಹಾಳೆಯನ್ನೂ ಜೊತೆಗಿಟ್ಟಿದ್ದರೆ ಅದು ಅಮೆರಿಕದ ಸರಕು. ನಮ್ಮಲ್ಲಿ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಸಾಮಾನ್ಯ ಪವರ್ ಆಫ್ ಅಟಾರ್ನಿಯೇ ಬಿದ್ದುಹೋಗುತ್ತದೆ. ಅದು ಬೇಕಾಗುವ ಗಳಿಗೆಗೇ ಇಲ್ಲವಾಗುತ್ತದೆ.

ಆದ್ದರಿಂದ ಆನ್‌ಲೈನ್ ನಮೂನೆಯನ್ನು ಕರಡು ಹಾಳೆ ಎಂದುಕೊಳ್ಳಿ. ಆ ಮಟ್ಟಿಗೆ ಅದು ಒಳ್ಳೆಯದೇ, ಏನೇನು ಕೇಳಬೇಕೆಂದು ನೆನಪಿಸುತ್ತದೆ. ಗುರುತುಪರಿಚಯವಿಲ್ಲದ ತಾಣಕ್ಕೆ ತಾಯಿಯವರ ಆಧಾರ್ ಚಿತ್ರ, ರೋಗದ ವಿವರಗಳನ್ನು ಮಾತ್ರ ಏರಿಸಬೇಡಿ.

ನಮ್ಮ ಮೊದಲ ಕರಡಿನಲ್ಲಿ ನಾನು ಬರೆದದ್ದು ‘ನನಗೆ ಅನಗತ್ಯ ಕಷ್ಟ ಕೊಡಬಾರದು’ ಎಂದು. ಪರಿಚಯದ ವೈದ್ಯರೊಬ್ಬರು ಓದಿ, ‘ಇದನ್ನು ಹಿಡಿದು ನಾನು ಏನು ಮಾಡಲಿ?’ ಎಂದರು. ಯಾವ ಸ್ಥಿತಿಯಲ್ಲಿ ಯಾವುದು ಬೇಡ ಎಂದು ಬಿಡಿಸಿ ಬರೆಯಬೇಕು: ಗುಣವಾಗುವ ಆಸೆಯಿಲ್ಲದ ಕೊನೆಯ ಹಂತದ ಕಾಯಿಲೆಯಲ್ಲಿ, ಮರಳಿ ಪ್ರಜ್ಞೆ ಬರುವ ಭರವಸೆಯಿಲ್ಲದಾಗ, ವೆಂಟಿಲೇಟರ್ ಬೇಕೇ, ಡಯಾಲಿಸಿಸ್ ಬೇಕೇ, ನಿಂತ ಎದೆಯನ್ನು ಒತ್ತಿ ಮತ್ತೆ ಬಡಿಸಬೇಕೇ, ಮೂಗಿನ ನಳಿಕೆಯಲ್ಲಿ ಆಹಾರ ಬೇಕೇ. ನೋವು ಕಡಿಮೆ ಮಾಡುವ ಆರೈಕೆ ಯಾವ ಕಾರಣಕ್ಕೂ ನಿಲ್ಲಬಾರದು ಎಂಬ ಸಾಲು ಇರಲೇಬೇಕು. ತಾಯಿಯವರಿಗೆ ಮಾತಾಡುವ, ನಿರ್ಧರಿಸುವ ಶಕ್ತಿ ಇರುವವರೆಗೆ ಈ ಪತ್ರ ಮಲಗಿಯೇ ಇರುತ್ತದೆ. ಅಲ್ಲಿಯವರೆಗೆ ಅವರ ಬಾಯಿಮಾತೇ ಕೊನೆಯದು.

ಇದನ್ನೆಲ್ಲ ಅವ್ವನಿಗೆ ಹೇಗೆ ಕೇಳುವುದು ಎಂದು ನಾನು ಎರಡು ತಿಂಗಳು ಮುಂದೂಡಿದೆ. ಕೊನೆಗೆ ಮಾತೆತ್ತಿದವಳು ಅವಳೇ, ಅರುಣಾ ಶಾನಭಾಗರ ನೆಪದಲ್ಲಿ. ಹೊನ್ನಾವರದ ಕಡೆಯ ಹಳದೀಪುರದ ಹುಡುಗಿ, ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್‌ನಲ್ಲಿ ಅಲ್ಲಿಯೇ ನಡೆದ ದಾಳಿಯ ನಂತರ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ 41 ವರ್ಷಕ್ಕೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. 2011ರಲ್ಲಿ ಅವರ ಪರವಾಗಿ ಬಂದ ದಯಾಮರಣದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಆದರೆ ಇಂದಿನ ದಾರಿ ತೆರೆದದ್ದು ಆ ತೀರ್ಪೇ. ಅವರನ್ನು ಅಷ್ಟು ವರ್ಷ ನೋಡಿಕೊಂಡ ನರ್ಸ್‌ಗಳು ಆ ಅರ್ಜಿಯನ್ನು ವಿರೋಧಿಸಿದ್ದರು. ಅವ್ವ ಹೇಳಿದ್ದು ಇಷ್ಟೇ: ‘ಆ ನರ್ಸ್‌ಗಳದ್ದು ಪುಣ್ಯದ ಕೆಲಸ. ಆದರೆ ನಿನಗೇನು ಬೇಕಮ್ಮಾ ಎಂದು ಅವಳನ್ನು ಕೇಳಲು ಯಾರಿಗೂ ಸಾಧ್ಯವಾಗಲಿಲ್ಲ. ನನ್ನನ್ನು ಈಗಲೇ ಕೇಳಿಬಿಡಿ.’

ಕೇಳಿದೆವು. ಇಂಗ್ಲಿಷ್ ಕರಡನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತ ಹೋದಂತೆ ಅವಳು ತಿದ್ದಿಸುತ್ತ ಹೋದಳು. ವೆಂಟಿಲೇಟರ್ ಪೂರಾ ಬೇಡ ಎಂದು ನಾನು ಬರೆದಿದ್ದೆ. ನ್ಯುಮೋನಿಯಾದಂಥದ್ದಾದರೆ ಕೆಲವು ದಿನ ಹಾಕಿ ನೋಡಿ, ಸುಧಾರಿಸದಿದ್ದರೆ ತೆಗೆಯಿರಿ ಎಂದಳು. ನಳಿಕೆಯ ಊಟ ಬೇಡವೇ ಬೇಡ, ಗಂಜಿ ಬಾಯಿಂದ ಇಳಿಯುವಷ್ಟು ದಿನ ಸಾಕು. ತನ್ನ ಪರವಾಗಿ ನಿರ್ಧರಿಸುವವರ ಹೆಸರು ಬರೆಯುವ ಜಾಗ ಬಂದಾಗ ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಹೆಸರು ಹೇಳಿದಳು. ‘ನೀನು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುತ್ತೀಯ’ ಎಂದಳು. ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ ಎಂಬುದು ಬೇರೆ ಮಾತು. ಒಬ್ಬರಿಗಿಂತ ಹೆಚ್ಚು ಹೆಸರು ಬರೆಯಲು 2023ರ ಆದೇಶದಲ್ಲಿ ಅವಕಾಶವಿದೆ, ಹಾಗಾಗಿ ಎರಡನೆಯದಾಗಿ ನಾನಿದ್ದೇನೆ.

ಭಾಷೆಯ ಬಗ್ಗೆ ಒಂದು ಸೂಚನೆ. ಪುಣೆಯ ಐಸಿಯುನಲ್ಲಿ ಕನ್ನಡ ಪತ್ರವನ್ನು ಯಾರೂ ಓದಲಾರರು. ಮೂಲ ಇಂಗ್ಲಿಷಿನಲ್ಲಿರಲಿ, ‘ಇದನ್ನು ನನಗೆ ಕನ್ನಡದಲ್ಲಿ ಓದಿ ವಿವರಿಸಲಾಗಿದೆ’ ಎಂಬ ಸಾಲು ಅದರಲ್ಲಿರಲಿ, ತಾಯಿಯವರಿಗೆ ಕನ್ನಡ ಪ್ರತಿ ಬೇರೆ ಕೊಡಿ. ಅದನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ನಾನು ಹಳೆಯ ನುಡಿ ಫಾಂಟಿನಲ್ಲಿ ಮಾಡಿ ಕಳಿಸಿದ್ದು ತಂಗಿಯ ಮೊಬೈಲ್‌ನಲ್ಲಿ ಬರೀ ಚಿತ್ರವಿಚಿತ್ರ ಅಕ್ಷರಗಳಾಗಿ ತೆರೆದುಕೊಂಡಿತು.

ಇನ್ನು ತಿದ್ದುವ ವಿಷಯ, ನಾನು ಎಡವಿದ್ದು ಇಲ್ಲಿಯೇ. ನೋಟರಿ ಆಗಿ ತಿಂಗಳಲ್ಲಿ ತಂಗಿಯ ಫೋನ್ ಸಂಖ್ಯೆ ಬದಲಾಯಿತು. ಫೈಲ್ ಕಂಪ್ಯೂಟರಿನಲ್ಲಿತ್ತು, ಸಂಖ್ಯೆ ತಿದ್ದಿ ಎರಡನೆಯ ಪುಟ ಮಾತ್ರ ಮುದ್ರಿಸಿ ಹಳೆಯದರ ಜಾಗದಲ್ಲಿ ಸೇರಿಸಿದೆ. ಜಾಣತನ ಎಂದುಕೊಂಡಿದ್ದೆ. ಬೇರೆ ಕೆಲಸಕ್ಕೆ ಹೋದಾಗ ನೋಟರಿಯವರಿಗೆ ಹೇಳಿದೆ, ಅವರು ಕನ್ನಡಕ ತೆಗೆದಿಟ್ಟು ನೋಡಿದರು. ಮೊಹರಿಲ್ಲದ ಒಂದು ಹಾಳೆ ಇಡೀ ಪತ್ರದ ಮೇಲೆ ಅನುಮಾನ ಹುಟ್ಟಿಸಲು ಸಾಕು. ನಿರ್ಧರಿಸುವ ಶಕ್ತಿ ಇರುವವರೆಗೆ ಪತ್ರವನ್ನು ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು, ಬದಲಿಸಬಹುದು. ಆದರೆ ಬದಲಾವಣೆಗೂ ಅದೇ ಕ್ರಮ, ಮತ್ತೆ ಇಬ್ಬರು ಸಾಕ್ಷಿಗಳ ಸಹಿ, ಅದೇ ದೃಢೀಕರಣ. ಒಂದಕ್ಕಿಂತ ಹೆಚ್ಚು ಪತ್ರಗಳಿದ್ದರೆ ಕೊನೆಯದಾಗಿ ಸಹಿಯಾದದ್ದೇ ಲೆಕ್ಕಕ್ಕೆ ಬರುತ್ತದೆ. ಹೊಸದರಲ್ಲಿ ‘ಇಂಥ ದಿನಾಂಕದ ಪತ್ರ ರದ್ದು’ ಎಂದು ಬರೆದೆವು, ಪ್ರತಿ ಪುಟದ ಕೆಳಗೆ ದಿನಾಂಕ ಹಾಕಿದೆವು. ಹಳೆಯ ಪ್ರತಿ ಕೊಟ್ಟವರ ಬಳಿಗೆಲ್ಲ ಹೋಗಿ ವಾಪಸ್ ತರುವುದು ಹೊಸದನ್ನು ಮಾಡುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಫೋನ್ ಸಂಖ್ಯೆ ಈಗ ಪತ್ರದಲ್ಲಿಲ್ಲ, ಬೇರೆ ಚೀಟಿಯಲ್ಲಿದೆ.

ಒಂದು ಪ್ರತಿಯನ್ನು ನಿಮ್ಮ ಪಾಲಿಕೆಯ ಕಸ್ಟೋಡಿಯನ್‌ಗೆ, ಅಂದರೆ ಇಂಥ ಪತ್ರಗಳನ್ನು ಕಾದಿಡುವ ಅಧಿಕಾರಿಗೆ ಕೊಡಿ. ಮುಂಬೈಯ ವೈದ್ಯ ನಿಖಿಲ್ ದಾತಾರ್ ಬಾಂಬೆ ಹೈಕೋರ್ಟಿಗೆ ಹೋದ ಮೇಲೆ ಮಹಾರಾಷ್ಟ್ರ ಸರ್ಕಾರ ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ 417 ಕಸ್ಟೋಡಿಯನ್‌ಗಳನ್ನು ನೇಮಿಸಿತು. ಕೊಟ್ಟದ್ದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತಾಯಿಯವರು ಧಾರವಾಡಕ್ಕೆ ಮರಳಿದರೂ ಪತ್ರ ನಡೆಯುತ್ತದೆ, ತೀರ್ಪು ಇಡೀ ದೇಶಕ್ಕೆ ಅನ್ವಯಿಸುತ್ತದೆ. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ.

ಪತ್ರ ತೋರಿಸಿದ ತಕ್ಷಣ ಆಸ್ಪತ್ರೆಯವರು ಯಂತ್ರ ನಿಲ್ಲಿಸುತ್ತಾರೆ ಎಂದುಕೊಳ್ಳಬೇಡಿ. ಚಿಕಿತ್ಸೆ ಕೊಡುವ ವೈದ್ಯರೂ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ, ಆಮೇಲೆ ಜಿಲ್ಲಾ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ವೈದ್ಯರಿರುವ ಎರಡನೆಯ ಮಂಡಳಿ, ತಲಾ 48 ಗಂಟೆಯೊಳಗೆ ತೀರ್ಮಾನಿಸುವುದು ಅಪೇಕ್ಷಿತ. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು ಆಸ್ಪತ್ರೆಯ ಹೊಣೆ. ಆ ನಾಲ್ಕೈದು ದಿನ ಅಲ್ಲಿ ಕುಳಿತು ಎಲ್ಲರಿಗೂ ಒಂದೇ ಮಾತು ಹೇಳಬಲ್ಲವರು ಯಾರು ಎಂದು ಈಗಲೇ ತಾಯಿಯವರನ್ನೇ ಕೇಳಿ. ಅವರು ನಿಮ್ಮ ಹೆಸರನ್ನೇ ಹೇಳದೆಯೂ ಇರಬಹುದು.