ಪಟ್ಟಿ ಬೇಡ, ಒಬ್ಬರಿಗೆ ಒಂದು ಚಿತ್ರ ಹೇಳಿ

ಮಡಿಕೇರಿಯಲ್ಲಿ ತಿಂಗಳಿಗೊಮ್ಮೆ ಗೆಳೆಯರೆಲ್ಲ ಸೇರಿ ಮನೆ ವೈನ್ ಕುಡಿಯುತ್ತಾ ಸಿನಿಮಾ ನೋಡುತ್ತೀರಿ. ನೀವು ಹುಡುಕಿ ತಂದ ಹಳೆಯ ಕನ್ನಡ ಚಿತ್ರಗಳಿಗೆ ಮಾತ್ರ ಯಾರೂ ಒಪ್ಪುವುದಿಲ್ಲ, ತಾಲ್ಲೂಕು ಕಚೇರಿಯ ಗೆಳೆಯರಂತೂ ‘ಅವಾರ್ಡ್ ಪಿಕ್ಚರ್’ ಎಂದು ನಗುತ್ತಾರೆ. ಗೆಳೆಯರಿಗೆ ರುಚಿ ಇಲ್ಲ, ಇವು ಯಾರೂ ಗಮನಿಸದ ಚಿತ್ರಗಳು ಎಂದು ಬರೆದು, ಅವರನ್ನು ಒಪ್ಪಿಸಲು ಹತ್ತು ಚಿತ್ರಗಳ ಪಟ್ಟಿ ಬೇಕು ಎಂದು ಕೇಳಿದ್ದೀರಿ. ಅಂಥ ಪಟ್ಟಿ ನನ್ನ ಬಳಿಯೂ ಇತ್ತು. ಅದನ್ನು ಹಿಡಿದುಕೊಂಡೇ ವಿರಾಜಪೇಟೆ ಕಡೆಯ ಒಂದು ಒಳ್ಳೆಯ ಕೂಟವನ್ನು ನಾನು ಕೆಡಿಸಿದೆ.

ಕೂಟ ನಡೆಯುತ್ತಿದ್ದದ್ದು ಒಂದು ತೋಟದ ಮನೆಯಲ್ಲಿ. ಆ ಮನೆಯ ಅಕ್ಕ ವೈನ್ ಮಾಡುವುದರಲ್ಲಿ ಎತ್ತಿದ ಕೈ. ದ್ರಾಕ್ಷಿ, ಶುಂಠಿ, ಬೆಟ್ಟದ ನೆಲ್ಲಿಕಾಯಿ, ಬೇಲಿಯ ಮೇಲೆ ಹಬ್ಬಿದ ಪ್ಯಾಶನ್ ಫ್ರೂಟ್, ಯಾವುದು ಸಿಕ್ಕಿದರೂ ಜಾಡಿಗೆ ಬೀಳುತ್ತಿತ್ತು. ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿಡುವರು, ದಿನವೂ ಮರದ ಸೌಟಿನಿಂದ ತಿರುವುವರು, ಸೋಸಿದ ಮೇಲೂ ತಿಳಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುವರು. ಅವಸರದಲ್ಲಿ ಬಾಟಲಿಗೆ ತುಂಬಿದ ವೈನ್ ಅವರ ಮನೆಯಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಬರುತ್ತಿದ್ದವರು ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರ್ ಅಣ್ಣ, ಕಾಫಿ ಕ್ಯೂರಿಂಗ್ ಘಟಕದಲ್ಲಿ ಕೆಲಸ ಮಾಡುವ ಒಬ್ಬ ಯುವಕ, ಪ್ರೌಢಶಾಲೆಯ ಒಬ್ಬ ಮೇಡಂ, ನಾನು. ಊಟಕ್ಕೆ ಕಡಂಬುಟ್ಟು, ಪಂದಿ ಕರಿ. ಆಮೇಲೆ ಗೋಡೆಯ ಮೇಲೆ ಪ್ರೊಜೆಕ್ಟರ್. ಯಾರು ಏನು ತಂದರೂ ನೋಡುತ್ತಿದ್ದೆವು, ನೋಡಿ ಜಗಳವಾಡುತ್ತಿದ್ದೆವು, ಸುಖವಾಗಿದ್ದೆವು.

ಅಷ್ಟರಲ್ಲಿ ನಾನು ಎಲ್ಲರಿಗೂ ಒಳ್ಳೆಯ ಸಿನಿಮಾ ತೋರಿಸಲೇಬೇಕೆಂದು ಹೊರಟೆ. ‘ಘಟಶ್ರಾದ್ಧ’ದಿಂದ ಶುರು ಮಾಡಿದೆ. 1977ರ ಚಿತ್ರ, ಯು.ಆರ್. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ, ಮೊದಲ ಪ್ರಯತ್ನಕ್ಕೇ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ. ಇದನ್ನೆಲ್ಲ ಚಿತ್ರ ಹಚ್ಚುವ ಮುಂಚೆ ನಿಂತುಕೊಂಡು ಹೇಳಿದೆ. ಕಪ್ಪು-ಬಿಳುಪು ಏಕೆ ಎಂದು ಹೇಳಿದೆ. ವೇದ ಕಲಿಯಲು ಬಂದ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ಕಥೆಯನ್ನು ಏಕೆ ತೋರಿಸಿದ್ದಾರೆ ಎಂದೂ ಹೇಳಿದೆ. ಚಿತ್ರ ಓಡುತ್ತಿರುವಾಗಲೂ ನನ್ನ ಬಾಯಿ ನಿಲ್ಲಲಿಲ್ಲ. ಬಾಲವಿಧವೆ ಯಮುನಾ ಬಸುರಿಯಾದದ್ದು ಊರಿಗೆ ತಿಳಿದು, ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವ ಭಾಗ ಬಂತು. ಅಲ್ಲಿ ನಾನು ಚಿತ್ರವನ್ನು ನಿಲ್ಲಿಸಿದೆ. ದೀಪ ಹಾಕಿದೆ. ಈ ವಿಧಿಯ ಅರ್ಥವೇನು, ಸಮಾಜ ಹೆಣ್ಣನ್ನು ಹೇಗೆ ಹೊರಹಾಕುತ್ತದೆ ಎಂದು ವಿವರಿಸತೊಡಗಿದೆ. ಅಕ್ಕ ಎದ್ದು ಅಡುಗೆಮನೆಗೆ ಹೋದರು, ಮತ್ತೆ ಬರಲಿಲ್ಲ. ಉಳಿದವರು ಮುಗಿಯುವವರೆಗೆ ಮರ್ಯಾದೆಗೆ ಕುಳಿತಿದ್ದು ಎದ್ದರು.

ಈ ತಪ್ಪನ್ನು ಬಿಡಿಸಿ ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ‘ಒಪ್ಪಿಸಲು’ ಎಂದು ಬರೆದಿದ್ದೀರಲ್ಲ, ಅದರಲ್ಲೇ ಇದರ ಬೀಜ ಇದೆ. ಚಿತ್ರ ದೊಡ್ಡದು ಎಂದು ನಾನು ಮೊದಲೇ ಹೇಳಿಬಿಟ್ಟೆ. ಆಗ ನೋಡುವವರಿಗೆ ಇಷ್ಟಪಡುವುದು ಒಂದು ಕರ್ತವ್ಯವಾಯಿತು, ಇಷ್ಟವಾಗದಿದ್ದರೆ ತಮಗೇ ತಿಳಿವಳಿಕೆ ಸಾಲದು ಎಂಬ ಅಳುಕು ಬಂತು. ಏನು ಕಾಣಬೇಕು ಎಂದು ಮೊದಲೇ ಹೇಳಿದ್ದರಿಂದ ಅವರ ಕಣ್ಣಿಗೆ ಕೆಲಸವೇ ಉಳಿಯಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಆ ನಿಲುಗಡೆ. ಕತ್ತಲಲ್ಲಿ ಒಬ್ಬ ಮನುಷ್ಯ ತನ್ನ ದುಃಖದ ಹತ್ತಿರ ಹೋಗುತ್ತಿರುವಾಗ ದೀಪ ಹಾಕಿ ಎಲ್ಲರ ಮುಂದೆ ಮುಖ ತೋರಿಸುವಂತೆ ಮಾಡಿದೆ. ಅಕ್ಕನ ತವರಿನಲ್ಲಿ ಹಾಗೆಯೇ ಮನೆಯಿಂದ ಹೊರಗಾದ ಒಬ್ಬ ಸೋದರತ್ತೆ ಇದ್ದರಂತೆ. ಅವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಂತೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. “ನೀನು ಸುಮ್ಮನಿದ್ದಿದ್ದರೆ ನಾನು ಅಲ್ಲಿಯೇ ಕುಳಿತು ಅತ್ತುಬಿಡುತ್ತಿದ್ದೆ. ನೀನು ಪಾಠ ಮಾಡಿದೆ” ಎಂದರು ಅಕ್ಕ. ಆ ಮಳೆಗಾಲವಿಡೀ ಅವರ ಮನೆಯಲ್ಲಿ ಕೂಟ ನಡೆಯಲಿಲ್ಲ. ಮೇಡಂ ಬರುವುದನ್ನೇ ಬಿಟ್ಟರು, ಕರೆದರೂ ಬರಲಿಲ್ಲ.

ಆದ್ದರಿಂದ ನಿಮ್ಮ ಗೆಳೆಯರಿಗೆ ರುಚಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ಯಾರೂ ಗಮನಿಸದ ಚಿತ್ರಗಳು’ ಎಂಬ ನಿಮ್ಮ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ. ‘ಘಟಶ್ರಾದ್ಧ’ವನ್ನು ಗಮನಿಸದವರು ಯಾರು? ಅದನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದು ತಲುಪದೆ ಉಳಿದದ್ದು ನಮ್ಮ ಜಗಲಿಗಳಿಗೆ, ಮತ್ತು ಆ ತಡೆಗೆ ಅರ್ಧ ಕಾರಣ ನಮ್ಮಂಥ ಅಭಿಮಾನಿಗಳು.

ಮತ್ತೆ ಕೂಟ ಕೂಡಿಬಂದದ್ದು ಸುಬೇದಾರ್ ಅಣ್ಣನಿಂದ. ಸೆಪ್ಟೆಂಬರ್ ಮೊದಲ ವಾರ, ಕೈಲು ಮುಹೂರ್ತದ ಸಂಜೆ. ನಾಟಿ ಮುಗಿದು, ಕೋವಿ-ಕತ್ತಿಗಳಿಗೆ ಹೂವಿಟ್ಟು ಪೂಜೆ ಮಾಡಿದ ದಿನ. “ಅಣ್ಣ, ಶಂಕರ್ ನಾಗ್ ಮೊದಲು ನಟಿಸಿದ ಚಿತ್ರದಲ್ಲಿ ಕತ್ತಿ ಹಿಡಿದಿದ್ದಾರೆ, ಸರಿಯಾಗಿ ಹಿಡಿದಿದ್ದಾರೆಯೇ ನೀವೇ ನೋಡಿ ಹೇಳಿ” ಎಂದೆ, ಅಷ್ಟೇ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’, 1978ರದು. ಕೂಲಿಗಾಗಿ ಹೋರಾಡುವ ಯೋಧ ಗಂಡುಗಲಿಯಾಗಿ ಶಂಕರ್ ನಾಗ್, ಎದುರು ಪಾಳಯದ ಹಿರಿಯ ದಂಡನಾಯಕನಾಗಿ ಸುಂದರಕೃಷ್ಣ ಅರಸ್. ಈ ಚಿತ್ರಕ್ಕೆ ಸ್ಫೂರ್ತಿಯಾದ ಜಪಾನಿನ ನಿರ್ದೇಶಕ ಕುರೊಸಾವಾ ಹೆಸರನ್ನು ನಾನು ಎತ್ತಲೇ ಇಲ್ಲ. ಅಣ್ಣ ಕತ್ತಿಯ ಪಟ್ಟು ಬಿಟ್ಟು ಬೇರೆಯೇ ಮಾತು ತೆಗೆದರು: ಯಜಮಾನ ಕೈಬಿಟ್ಟ ಮೇಲೆ ಸೈನಿಕನ ನಿಷ್ಠೆ ಯಾರಿಗೆ ಸೇರಬೇಕು? ಆ ರಾತ್ರಿ ಅವರು ಹೇಳಿದ ಸೇನೆಯ ಕಥೆಗಳು ಅವರ ಮನೆಯವರಿಗೂ ಹೊಸವು. ಶುಂಠಿ ವೈನ್ ಖಾಲಿಯಾದದ್ದು ಯಾರಿಗೂ ತಿಳಿಯಲಿಲ್ಲ.

ಅಲ್ಲಿಂದ ನಾನು ಹಿಡಿದ ದಾರಿ ಇದು: ಒಬ್ಬರಿಗೆ ಒಂದು ಚಿತ್ರ, ಒಂದೇ ಕಾರಣ, ಅದೂ ಅವರ ಬದುಕಿನಿಂದ ಎತ್ತಿದ ಕಾರಣ. ಕಲಾತ್ಮಕ ಚಿತ್ರವೆಂದರೆ ನಿದ್ದೆ ಎನ್ನುತ್ತಿದ್ದ ಕ್ಯೂರಿಂಗ್ ಘಟಕದ ಹುಡುಗನಿಗೆ ‘ತಿಥಿ’ಯ ಬಗ್ಗೆ ಹೇಳಿದ್ದು, ಆಸ್ತಿಯ ಪತ್ರಕ್ಕಾಗಿ ಪರದಾಡುವ ಮೊಮ್ಮಗನ ಕಥೆ ಎಂದು ಮಾತ್ರ. ಅವನ ಮನೆಯಲ್ಲಿ ಆಗ ಪಾಲು ಪತ್ರದ ಗಲಾಟೆ ನಡೆಯುತ್ತಿತ್ತು. ಮಂಡ್ಯದ ಹಳ್ಳಿಯ ಜನರೇ ನಟಿಸಿದ್ದಾರೆ, ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ಚಿತ್ರ ಎಂಬುದನ್ನು ಅವನೇ ಆಮೇಲೆ ಹುಡುಕಿ ಬಂದು ನನಗೆ ಹೇಳಿದ. ನನಗೆ ಮೊದಲೇ ಗೊತ್ತಿತ್ತು ಎನ್ನಲಿಲ್ಲ. ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರವನ್ನಂತೂ ಅಕ್ಕನೇ ಕೇಳಿ ಹಾಕಿಸಿದರು. ‘ವಿರಹಾ ನೂರು ನೂರು ತರಹ’ ಹಾಡು ಬಾರದವರು ನಮ್ಮಲ್ಲಿ ಇರಲಿಲ್ಲ, ಪುಟ್ಟಣ್ಣನವರ ಚಿತ್ರವನ್ನು ಪೂರ್ತಿ ನೋಡಿದವರೂ ಇರಲಿಲ್ಲ. ಕಾದಂಬರಿ ಬರೆದ ಭಾರತೀಸುತರು ನಮ್ಮ ಕೊಡಗಿನವರು, ನಾಯಕಿ ಸೇನಾಧಿಕಾರಿಯ ಹೆಂಡತಿ. ಮನೆಗೊಬ್ಬರು ಸೇನೆಗೆ ಹೋಗುವ ಈ ನಾಡಿನಲ್ಲಿ ಆ ಹೆಣ್ಣಿನ ಒಂಟಿತನವನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ.

ನೀವು ಕೇಳದಿದ್ದರೂ ಕೆಲವು ಮಾತು. ಊಟ ಮೊದಲು, ಚಿತ್ರ ಆಮೇಲೆ, ವೈನ್ ಕೊನೆಗೆ. ಕುಡಿಯುತ್ತಾ ನೋಡಿದರೆ ಮಾತು ಚಿತ್ರದ ನಡುವೆ ಸುರಿಯುತ್ತದೆ, ಚಿತ್ರ ಮುಗಿದಾಗ ಎಲ್ಲರೂ ಬರಿದಾಗಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಮೆಲುದನಿಯ ಚಿತ್ರ ಕೇಳಿಸುವುದೇ ಇಲ್ಲ, ಅವನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳೆಗಾರರನ್ನು ಕರೆಯಲೇಬೇಡಿ, ಅವರು ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ, ತಪ್ಪು ಚಿತ್ರದ್ದಲ್ಲ.

ಇನ್ನು ತಾಲ್ಲೂಕು ಕಚೇರಿಯ ಆ ಗೆಳೆಯರು. ಮೊದಲು ಹೇಳಬೇಕಾದದ್ದು ಅವರಿಗೇ. ‘ತಬರನ ಕಥೆ’ ಹಾಕಿ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಒಬ್ಬ ಜವಾನ, ಮನೆಯಲ್ಲಿ ಕಾಲು ಕೊಳೆಯುತ್ತಿರುವ ಹೆಂಡತಿ. ತೇಜಸ್ವಿಯವರ ಕಥೆ, ತಬರನಾಗಿ ಚಾರುಹಾಸನ್. ಇದಕ್ಕೂ ಸ್ವರ್ಣಕಮಲ ಬಂದಿದೆ, ದಯವಿಟ್ಟು ಅದನ್ನು ಮಾತ್ರ ಹೇಳಬೇಡಿ. “ನಿಮ್ಮ ಇಲಾಖೆಯಲ್ಲಿ ಕಡತ ನಿಜವಾಗಿಯೂ ಹೀಗೆಯೇ ಸಾಗುತ್ತದೆಯೇ?” ಎಂದು ಕೇಳಿ, ಆಮೇಲೆ ಅವರಿಗೆ ಮಾತನಾಡಲು ಬಿಡಿ. ಮನೆ ವೈನಿನ ಅಮಲು ಜಾಡಿಗೊಂದು ಬಗೆ, ಮಡಿಕೇರಿಯ ತಿರುವುಗಳಲ್ಲಿ ರಾತ್ರಿ ಮಂಜು ಬೇರೆ ಇಳಿದಿರುತ್ತದೆ. ಕುಡಿದವರಿಗೆ ಹಾಸಿಗೆ ಮೊದಲೇ ಹಾಸಿಡಿ, ಬೈಕಿನ ಕೀಲಿಯನ್ನು ತೆಗೆದಿಟ್ಟುಕೊಳ್ಳಿ.