ಜಿನೋವಾದ ಹಳೆಯ ಪೇಟೆಗೆ ಒಂದು ದಿನ ಸಾಕೇ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಿಲಾನ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಜಿನೋವಾದ ಹಳೆಯ ನಗರವನ್ನು ಬೆಳಿಗ್ಗೆ ಹೋಗಿ ಸಂಜೆ ಮರಳುವಂತೆ ನೋಡಬಹುದೇ? ಜೊತೆಗಿರುವ ನಮ್ಮ ಅತ್ತೆಯವರಿಗೆ ಮಂಡಿನೋವಿದೆ, ಎಲ್ಲರೂ ಸಸ್ಯಾಹಾರಿಗಳು. ಅಲ್ಲಿ ಕೊಲಂಬಸ್‌ನ ಮನೆ ಬಿಟ್ಟರೆ ನೋಡುವಂಥದ್ದೇನೂ ಇಲ್ಲವೆಂದು ಪರಿಚಿತರೊಬ್ಬರು ಹೇಳಿದರು.
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಕೊಲಂಬಸ್‌ನ ಮನೆಯೆಂದು ತೋರಿಸುವುದು 18ನೇ ಶತಮಾನದಲ್ಲಿ ಮತ್ತೆ ಕಟ್ಟಿದ ಪುಟ್ಟ ಕಟ್ಟಡ, ಹೊರಗಿನಿಂದ ನೋಡಿದರೆ ಸಾಕು. ಅದರ ಪಕ್ಕದಲ್ಲಿರುವ 12ನೇ ಶತಮಾನದ ಕೋಟೆಬಾಗಿಲು ಪೋರ್ತಾ ಸೊಪ್ರಾನಾ ಅದಕ್ಕಿಂತ ಎಷ್ಟೋ ಘನವಾದದ್ದು. ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿಯಾದ್ದರಿಂದ ಒಂದೇ ದಿನದಲ್ಲಿ ಹೋಗಿಬರಲು ಅಡ್ಡಿಯಿಲ್ಲ. ಆದರೂ ಒಂದು ರಾತ್ರಿ ತಂಗಿರೆಂದೇ ನನ್ನ ಸಲಹೆ, ಏಕೆಂದರೆ ಮಂಡಿನೋವಿನವರನ್ನು ಅವಸರದಲ್ಲಿ ನಡೆಸಬಾರದ ಊರು ಅದು.

ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಹರಡಿಕೊಳ್ಳಲು ಜಾಗವಿಲ್ಲದೆ ಜಿನೋವಾ ಮೇಲಕ್ಕೆ ಬೆಳೆಯಿತು. ಕರುಜ್ಜಿ ಎಂದು ಕರೆಯುವ ಅಲ್ಲಿನ ಓಣಿಗಳು ನಮ್ಮ ಚಿಕ್ಕಪೇಟೆಯ ಗಲ್ಲಿಗಳಷ್ಟೇ ಇಕ್ಕಟ್ಟು, ಆದರೆ ಎರಡೂ ಬದಿಯ ಮನೆಗಳು ಆರೇಳು ಅಂತಸ್ತಿನವು. ಇವುಗಳನ್ನು ಅಂಗಡಿಗಳು ತೆರೆದಿರುವ ಹಗಲಿನಲ್ಲಿ ಸುತ್ತಿರಿ. ಕತ್ತಲಾದ ಮೇಲೆ, ಅದರಲ್ಲೂ ವಿಯಾ ಪ್ರೆ ಕಡೆ, ದೊಡ್ಡ ರಸ್ತೆಗಳನ್ನೇ ಹಿಡಿಯುವುದು ಲೇಸು.

ಅತ್ತೆಯವರಿಗೆ ಹೆಚ್ಚು ಅನುಕೂಲವಾಗುವುದು ಮಟ್ಟಸವಾದ ವಿಯಾ ಗರಿಬಾಲ್ಡಿ. 16ನೇ ಶತಮಾನದ ಮಧ್ಯದಲ್ಲಿ ಶ್ರೀಮಂತ ಮನೆತನಗಳು ತಮಗಾಗಿಯೇ ನಿರ್ಮಿಸಿಕೊಂಡ ಬೀದಿ ಇದು. ಜಿನೋವಾ ರಾಜನಿಲ್ಲದ ಗಣರಾಜ್ಯವಾಗಿದ್ದುದರಿಂದ ವಿದೇಶದ ಗಣ್ಯರನ್ನು ಇಳಿಸಲು ಖಾಸಗಿ ಮಹಲುಗಳನ್ನೇ ನೆಚ್ಚಿಕೊಂಡಿತ್ತು. 1576ರಲ್ಲಿ ಅವುಗಳ ಅಧಿಕೃತ ಪಟ್ಟಿ ಮಾಡಿ, ಅತಿಥಿಯ ಅಂತಸ್ತಿಗೆ ತಕ್ಕ ಮನೆಯನ್ನು ಚೀಟಿ ಎತ್ತಿ ಆರಿಸುವ ಪದ್ಧತಿಯನ್ನು ತಂದಿತು. ಖರ್ಚು ಮಾತ್ರ ಮನೆಯ ಯಜಮಾನನದು! ಈ ಪಟ್ಟಿಯ 42 ಮಹಲುಗಳು 2006ರಲ್ಲಿ ಯುನೆಸ್ಕೋದ ವಿಶ್ವಪರಂಪರೆಗೆ ಸೇರಿದವು. ಪಲಾಝೋ ರೋಸೋ, ಬಿಯಾಂಕೋ, ತುರ್ಸಿ ಎಂಬ ಮೂರು ಈಗ ವಸ್ತುಸಂಗ್ರಹಾಲಯಗಳಾಗಿದ್ದು, ತುರ್ಸಿಯಲ್ಲಿ ಪಗನಿನಿ ನುಡಿಸುತ್ತಿದ್ದ 1743ರ ಪಿಟೀಲನ್ನು ಇಟ್ಟಿದ್ದಾರೆ. ಸೋಮವಾರ ಸಾಮಾನ್ಯವಾಗಿ ರಜೆಯಿರುವುದರಿಂದ ಆ ದಿನವನ್ನು ತಪ್ಪಿಸಿ. ಅದೇ ಬೀದಿಯ ಸಮೀಪದ ಪೊರ್ತೆಲ್ಲೊ ಚೌಕದಿಂದ ಸಾರ್ವಜನಿಕ ಲಿಫ್ಟ್ ಕಸ್ತೆಲ್ಲೆತ್ತೋ ಗುಡ್ಡಕ್ಕೆ ಏರುತ್ತದೆ. ಒಂದು ಮೆಟ್ಟಿಲನ್ನೂ ಹತ್ತದೆ ಹಳೆಯ ಊರಿನ ಚಾವಣಿಗಳನ್ನೂ ಬಂದರನ್ನೂ ನೋಡಬಹುದು.

ಸಾನ್ ಲೊರೆಂಝೋ ಪ್ರಧಾನ ಚರ್ಚಿಗೆ ಅರ್ಧ ಗಂಟೆ ಕೊಡಿ. 1941ರ ಫೆಬ್ರವರಿ 9ರಂದು ಬ್ರಿಟಿಷ್ ನೌಕಾಪಡೆ ಹಾರಿಸಿದ ಗುಂಡೊಂದು ಅದರೊಳಗೆ ಬಿದ್ದರೂ ಸಿಡಿಯಲಿಲ್ಲ. ಆ ಘಟನೆಯ ನೆನಪಿಗೆ ಒಳಗೆ ಗುಂಡನ್ನು ನಿಲ್ಲಿಸಿದ್ದಾರೆ.

ಊಟಕ್ಕೆ ಚಿಂತೆಯಿಲ್ಲ. ಫರಿನಾತಾ ಎಂಬುದು ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಸೇರಿಸಿ ಒಲೆಯಲ್ಲಿ ಬೇಯಿಸಿದ ತೆಳು ರೊಟ್ಟಿ. ಕೆಲವೆಡೆ ಮೇಲೆ ಮೀನಿನ ಮರಿಗಳನ್ನು ಉದುರಿಸುತ್ತಾರೆ, ಆದ್ದರಿಂದ ಸಾದಾ ಫರಿನಾತಾ ಎಂದೇ ಕೇಳಿ. ತುಳಸಿಯ ಜಾತಿಯ ಎಲೆಯಿಂದ ಮಾಡುವ, ಚಟ್ನಿಯಂಥ ಪೆಸ್ಟೊ ಈ ಊರಿನದೇ. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ, ಪಾರ್ಮೆಸಾನ್ ಚೀಸ್ ಕೂಡ. ಆ ಚೀಸಿಗೆ ಹಾಲನ್ನು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರಾದ್ದರಿಂದ, ಅತ್ತೆಯವರು ಕಟ್ಟುನಿಟ್ಟಿನ ಸಸ್ಯಾಹಾರಿಗಳಾಗಿದ್ದರೆ ಮೊದಲೇ ತಿಳಿಸಿಬಿಡಿ.