ಸಂಪಾದಕರ ಉತ್ತರ: ಆ ಸಾಲಿನಲ್ಲಿ ನಿಲ್ಲಲು ಯಾರನ್ನು ಬಿಟ್ಟರು, ಮೇಷ್ಟ್ರೇ?

ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ನನ್ನ ಮಗ ಅಮೆರಿಕದಲ್ಲಿ ಹನ್ನೆರಡು ವರ್ಷದಿಂದ ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದಾನೆ. ಕಾನೂನು ಪ್ರಕಾರ ಹೋದವನು, ತೆರಿಗೆ ಕಟ್ಟುವವನು. ನೀವು ನೋಡಿದರೆ ಕದ್ದು ಗಡಿ ದಾಟಿದವರ ಬಗ್ಗೆ ಕನಿಕರದ ಲೇಖನ ಹಾಕುತ್ತೀರಿ. ಹಿಂದಿನ ಕಾಲದಲ್ಲಿ ಎಲ್ಲರೂ ಸಾಲಿನಲ್ಲಿ ನಿಂತೇ ಹೋಗಲಿಲ್ಲವೇ?"

ಮೇಷ್ಟ್ರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ದೇಶ ಅಂದಮೇಲೆ ಬಾಗಿಲು ಬೇಕು, ಬಾಗಿಲಿಗೊಂದು ನಿಯಮ ಬೇಕು. ಒಪ್ಪಿದೆ. ಆದರೆ "ಎಲ್ಲರೂ ಸಾಲಿನಲ್ಲಿ ನಿಂತರು" ಅನ್ನುವ ಮಾತು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನೀವೇ ಹೀಗಂದರೆ ಹೇಗೆ?

ಅಮೆರಿಕದ ಮೊದಲ ಪೌರತ್ವ ಕಾನೂನು 1790ರದ್ದು. ಹೊರಗಿನಿಂದ ಬಂದವರು ಪೌರರಾಗಬೇಕಾದರೆ ಬಿಳಿಯರಾಗಿರಬೇಕು, ಯಾರ ಗುಲಾಮರೂ ಆಗಿರಬಾರದು ಎಂದು ಅದರಲ್ಲೇ ಬರೆದಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿಕೊಂಡರು. 1882ರಲ್ಲಿ ಚೀನಾದ ಕೂಲಿಗಳಿಗೆ ಬಾಗಿಲು ಹಾಕಿದರು. 1917ರಲ್ಲಿ ಭಾರತವೂ ಸೇರಿದಂತೆ ಏಷ್ಯಾದ ಬಹುಪಾಲಿಗೆ ಹಾಕಿದರು. ಯುರೋಪಿನವರಿಗೋ, 1921ರವರೆಗೆ ವರ್ಷಕ್ಕೆ ಇಷ್ಟೇ ಜನ ಅನ್ನುವ ಮಿತಿಯೇ ಇರಲಿಲ್ಲ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಕಣ್ಣು, ಎದೆ ಪರೀಕ್ಷೆ ಮಾಡಿ, ನಾಲ್ಕು ಪ್ರಶ್ನೆ ಕೇಳಿ, ಬಹಳಷ್ಟು ಜನರನ್ನು ಕೆಲವೇ ಗಂಟೆಗಳಲ್ಲಿ ಒಳಗೆ ಬಿಟ್ಟರು. "ನಮ್ಮ ಅಜ್ಜ ಕಾನೂನು ಪ್ರಕಾರವೇ ಬಂದರು" ಎಂದು ಅವರ ಮೊಮ್ಮಕ್ಕಳು ಹೇಳುತ್ತಾರೆ. ಹೌದು, ಅವರಲ್ಲಿ ಬಹುಪಾಲು ಜನರನ್ನು ತಡೆಯುವ ಕಾನೂನೇ ಇರಲಿಲ್ಲವಲ್ಲ!

ಕೆಲವು ವರ್ಷಗಳ ಹಿಂದೆ ನಾನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪಕ್ಕೆ ಹೋಗಿದ್ದೆ. 1910ರಿಂದ 1940ರವರೆಗೆ ಏಷ್ಯಾದಿಂದ ಬಂದವರನ್ನು ಕೂಡಿಹಾಕುತ್ತಿದ್ದ ಜಾಗ ಅದು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಡಬ್ಬ ಎಲ್ಲಿಡುತ್ತಿದ್ದರು? ನಿಜವಾಗಿ ಅಪ್ಪ-ಮಕ್ಕಳೇ ಎಂದು ಪರೀಕ್ಷಿಸಲು ಚೀನಾದ ಹುಡುಗರನ್ನು ಹೀಗೆ ಕೇಳಿ, ಅವರ ಅಪ್ಪಂದಿರನ್ನು ಬೇರೆ ಕೂರಿಸಿ ಅದನ್ನೇ ಕೇಳುತ್ತಿದ್ದರು. ಉತ್ತರ ತಾಳೆಯಾಗದಿದ್ದರೆ ವಾಪಸ್ ಹಡಗು. ತೀರ್ಮಾನಕ್ಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯುತ್ತಾ ಅವರು ಮರದ ಗೋಡೆಯ ಮೇಲೆ ಪದ್ಯ ಕೆತ್ತಿದರು. ಅಧಿಕಾರಿಗಳು ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದರು. ಆದರೂ ಅಕ್ಷರಗಳು ಉಳಿದಿವೆ. ಪಕ್ಕದಿಂದ ಬೆಳಕು ಬಿದ್ದಾಗ ಒಂದೊಂದೇ ಗೆರೆ ಎದ್ದು ಕಾಣುತ್ತದೆ. ನನಗೆ ಚೀನೀ ಭಾಷೆ ಬರುವುದಿಲ್ಲ, ಆದರೂ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಇನ್ನು ನಮ್ಮವರದೇ ಕತೆ. ಭಗತ್ ಸಿಂಗ್ ಥಿಂದ್ ಮೊದಲ ಮಹಾಯುದ್ಧದಲ್ಲಿ ಪೇಟ ಕಟ್ಟಿಕೊಂಡೇ ಅಮೆರಿಕದ ಸೈನ್ಯದಲ್ಲಿದ್ದವರು. 1918ರಲ್ಲಿ ಪೌರತ್ವ ಕೊಟ್ಟು ನಾಲ್ಕೇ ದಿನಕ್ಕೆ ಕಿತ್ತುಕೊಂಡರು. 1920ರಲ್ಲಿ ಮತ್ತೆ ಸಿಕ್ಕಿತು. 1923ರಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಇವರು ಬಿಳಿಯರಲ್ಲ ಎಂದುಬಿಟ್ಟಿತು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಮಗುವಾಗಿದ್ದಾಗ ವಲಸೆ ಬಂದವರು! ತೀರ್ಪಿನ ನಂತರ ಎಷ್ಟೋ ಭಾರತೀಯರ ಪೌರತ್ವ ಹೋಯಿತು. ಅವರಲ್ಲೊಬ್ಬರು ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್. 1928ರಲ್ಲಿ ಅವರು ತಮ್ಮ ಜೀವವನ್ನೇ ಕೊನೆಗೊಳಿಸಿಕೊಂಡರು. ಇವರೆಲ್ಲ ಕಾನೂನು ಪ್ರಕಾರವೇ ಹೋದವರು, ಮೇಷ್ಟ್ರೇ.

ಈ ಮೊಕದ್ದಮೆಯಲ್ಲಿ ನನ್ನನ್ನು ಜಾಸ್ತಿ ಚುಚ್ಚುವುದು ಇನ್ನೊಂದು ಸಂಗತಿ. ತಾನು ಮೇಲ್ಜಾತಿಯವನು, ಆರ್ಯರ ರಕ್ತದವನು, ಆದ್ದರಿಂದ ಬಿಳಿಯನೇ ಎಂಬುದು ಥಿಂದ್ ಕಡೆಯ ವಾದವಾಗಿತ್ತು. ಕಪ್ಪು ಜನರ ಜೊತೆ ನಿಂತು ಈ ಕಾನೂನೇ ತಪ್ಪು ಅನ್ನಲಿಲ್ಲ. ನಾವು ಬೇರೆ, ಅವರು ಬೇರೆ ಅನ್ನುವ ಈ ಚಾಳಿ ಸಮುದ್ರ ದಾಟಿದರೂ ಬಿಡುವುದಿಲ್ಲ. ಇವತ್ತೂ ನಮ್ಮವರ ಮಾತಿನಲ್ಲಿ ಅದನ್ನು ಕೇಳಿದಾಗ ಸಿಟ್ಟು ಬರುತ್ತದೆ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು, ಜೊತೆಗೆ ವರ್ಷಕ್ಕೆ ಬರೀ 100 ಜನರ ಕೋಟಾ. ನಿಜವಾಗಿ ಬಾಗಿಲು ತೆರೆದದ್ದು 1965ರಲ್ಲಿ, ಆ ಕೋಟಾ ಪದ್ಧತಿ ತೆಗೆದ ಕಾನೂನಿನಿಂದ. ಕಪ್ಪು ಜನ ಬೀದಿಯಲ್ಲಿ ಏಟು ತಿಂದು ಸಮಾನತೆ ಕೇಳಿದ ಕಾಲ ಅದು. ಆ ಹೋರಾಟದ ಋಣವನ್ನು ನಮ್ಮ ಎಷ್ಟು ಮನೆಗಳಲ್ಲಿ ನೆನೆಯುತ್ತಾರೆ?

ನಿಮ್ಮ ಮಗನ ಜಾಗವನ್ನು ಗಡಿ ದಾಟಿದವರು ಕಸಿದಿಲ್ಲ. ವರ್ಷಕ್ಕೆ ಇಷ್ಟೇ ಎಂಬ ಮಿತಿಯಿರುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಹೆಚ್ಚುಕಡಿಮೆ ಶೇಕಡಾ 7ಕ್ಕಿಂತ ಜಾಸ್ತಿ ಇಲ್ಲ ಎಂಬ ನಿಯಮ 1990ರ ಕಾನೂನಿನದ್ದು. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಅವನನ್ನು ಕಾಯಿಸುತ್ತಿರುವುದು ಅದು. ನಿಮ್ಮ ಸಿಟ್ಟು ಆ ಕಡೆ ತಿರುಗಲಿ, ನಾನೂ ಜೊತೆಗಿರುತ್ತೇನೆ.

ಥಿಂದ್ ಅವರಿಗೆ 1936ರಲ್ಲಿ, ಮೂರನೇ ಸಲ, ಪೌರತ್ವ ಸಿಕ್ಕಿತು. ಮಾಜಿ ಸೈನಿಕರಿಗೆಂದು ಅದರ ಹಿಂದಿನ ವರ್ಷ ಬೇರೆ ಕಾನೂನು ಮಾಡಬೇಕಾಯಿತು. ಆ ಸಲ ಯಾರೂ ಕಿತ್ತುಕೊಳ್ಳಲಿಲ್ಲ.

ಮಗ ಫೋನ್ ಮಾಡಿದಾಗ ಏಂಜೆಲ್ ದ್ವೀಪ ನೋಡಿ ಬಾ ಅನ್ನಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ದೋಣಿ ಇದೆ. ಆ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲಿ. ಅವನಿಗೆ ಏನನ್ನಿಸಿತು ಎಂದು ಬರೆಯಿರಿ, ಆ ಪತ್ರವನ್ನೂ ಹಾಕುತ್ತೇನೆ.

-ಸಂ.